ಗಂಡನ ಊರು ಜರ್ಮನಿಯಾದರೆ: ನೆಂಟರನ್ನೂ ಗೆಳೆಯರನ್ನೂ ನೋಡಿ ಬರುವ ರಜೆಗೆ ತಯಾರಿ

ನನ್ನ ಗಂಡನ ಊರು ಎಸ್ಲಿಂಗನ್. ಸ್ಟುಟ್‌ಗಾರ್ಟ್‌ ಪಕ್ಕದಲ್ಲಿ, ನೆಕ್ಕರ್ ನದಿಯ ದಂಡೆಯ ಮೇಲಿದೆ. ನನ್ನ ಊರು ಸಾಗರ. ಇಬ್ಬರೂ ಇರುವುದು ಬೆಂಗಳೂರಿನಲ್ಲಿ. ಬಾಷ್, ಮರ್ಸಿಡಿಸ್ ಕಂಪನಿಗಳಿಂದಾಗಿ ಸ್ಟುಟ್‌ಗಾರ್ಟಿಗೂ ಬೆಂಗಳೂರಿಗೂ ಓಡಾಟ ಜಾಸ್ತಿ. ಹಾಗಾಗಿ ನಮ್ಮಂಥ ಜೋಡಿಗಳು ಆಗಾಗ ಸಿಗುತ್ತಾರೆ. ಹೊಸದಾಗಿ ಮದುವೆಯಾದವರು ಹೇಳುವುದು ಹೆಚ್ಚುಕಮ್ಮಿ ಒಂದೇ ಮಾತು: "ಗಂಡನ ಊರಿಗೆ ಹೋಗಿ ಬಂದರೆ ರಜೆ ಖಾಲಿ, ಮೈಯೆಲ್ಲ ಸುಸ್ತು. ದಿನಾ ಒಂದೊಂದು ಮನೆ, ದಿನಾ ರೈಲು."

ಅವರಿಗೆ ನಾನು ಹೇಳುವುದು ಇಷ್ಟೇ. ಮೊದಲು ಜನ, ಆಮೇಲೆ ಟಿಕೆಟ್. ಯಾರನ್ನು, ಎಲ್ಲಿ, ಎಷ್ಟು ಹೊತ್ತು ನೋಡಬೇಕು ಅನ್ನುವುದು ಗೊತ್ತಾದ ಮೇಲೆ ತಾರೀಖು ಇಟ್ಟುಕೊಳ್ಳಿ. ತಿರುಗುಮುರುಗಾಗಿ ಮಾಡಿದರೆ ರಜೆ ಪೂರ್ತಿ ಇನ್ನೊಬ್ಬರ ಕೈಗೆ ಹೋಗುತ್ತದೆ.

ಪಟ್ಟಿ ಹಾಕುವುದು

ವಿಮಾನದ ದರ ನೋಡುವ ಮುಂಚೆ ಒಂದು ಸಂಜೆ ಇಬ್ಬರೂ ಕೂತು ಹೆಸರು ಬರೆಯಿರಿ. ಹೆಸರುಗಳನ್ನು ಗಂಡನೇ ಹೇಳಲಿ, ನೀವು ಪ್ರಶ್ನೆ ಕೇಳಿ. ಇವರಿಗೆ ಮನೆ ಬಿಟ್ಟು ಬರಲು ಆಗುತ್ತದಾ? ಇವರನ್ನು ನೋಡದೆ ಬಂದರೆ ಬೇಜಾರಾಗುವುದು ಯಾರಿಗೆ, ನಿಮಗಾ, ಅವರಿಗಾ, ಅತ್ತೆಗಾ? ಈ ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಪಟ್ಟಿ ತಾನಾಗಿ ಚಿಕ್ಕದಾಗುತ್ತದೆ.

ನಮ್ಮ ಪಟ್ಟಿಯಲ್ಲಿ ಅತ್ತೆ, ಮಾವ, ನಾದಿನಿ ಮತ್ತು ಅವಳ ಮಕ್ಕಳು ಎಸ್ಲಿಂಗನ್‌ನಲ್ಲೇ ಇದ್ದಾರೆ. ಅಜ್ಜಿ ಟ್ಯೂಬಿಂಗನ್‌ನ ವೃದ್ಧರ ಮನೆಯಲ್ಲಿದ್ದಾರೆ. ಗಂಡನ ಜೊತೆ ಓದಿದವರು ಫ್ರೈಬುರ್ಗ್, ಕಾರ್ಲ್ಸ್‌ರೂಹೆ, ಬರ್ಲಿನ್ ಅಂತ ಚದುರಿದ್ದಾರೆ. ಅಜ್ಜಿಯ ಹತ್ತಿರ ನಾವೇ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ಒಂದೇ ದಿನ ನಾಲ್ಕು ಗಂಟೆ ಕೂರುವ ಬದಲು ರಜೆಯ ಶುರುವಿನಲ್ಲಿ ಒಂದು ಗಂಟೆ, ಹೊರಡುವ ಮುಂಚೆ ಒಂದು ಗಂಟೆ ಹೋಗಿ. ವಯಸ್ಸಾದವರಿಗೆ ಬೇಗ ಆಯಾಸ ಆಗುತ್ತದೆ. ಎರಡನೇ ಸಲ ಬರುತ್ತಾರೆ ಅನ್ನುವ ಖುಷಿಯೂ ಅವರಿಗಿರುತ್ತದೆ.

ಗೆಳೆಯರ ವಿಷಯ ಬೇರೆ. ಊರಿಂದ ಊರಿಗೆ ಅವರನ್ನು ಹುಡುಕಿಕೊಂಡು ಹೋಗಬೇಡಿ. ನೀವು ಸಾವಿರಾರು ಕಿಲೋಮೀಟರ್ ಬಂದಿದ್ದೀರಿ, ಅವರು ಕೆಲವು ಗಂಟೆ ಬರಲಿ. ಹಾಗೆ ಕರೆಯಲು ಸಂಕೋಚ ಬೇಡ, ಕರೆದರೆ ಸಂತೋಷವಾಗಿ ಬರುತ್ತಾರೆ. ಆದರೆ ತಾರೀಖು ಮುಂಚೆ ಹೇಳಬೇಕು. "ಬಂದ ಮೇಲೆ ಫೋನ್ ಮಾಡ್ತೀನಿ" ಅನ್ನುವುದು ನಮ್ಮಲ್ಲಿ ನಡೆಯುತ್ತದೆ, ಅಲ್ಲಿ ನಡೆಯುವುದಿಲ್ಲ. ಎರಡು ತಿಂಗಳು ಇರುವಾಗಲೇ ಎರಡು ಮೂರು ತಾರೀಖು ಕಳಿಸಿ, ಜಾಸ್ತಿ ಜನ ಒಪ್ಪಿದ ದಿನ ಗೊತ್ತು ಮಾಡಿ.

ನಾವು ಎಲ್ಲರನ್ನೂ ಸೇರಿಸುವುದು ಬೇಸನ್‌ವಿರ್ಟ್‌ಶಾಫ್ಟ್‌ನಲ್ಲಿ. ದ್ರಾಕ್ಷಿ ಬೆಳೆಯುವವರು ವರ್ಷದಲ್ಲಿ ಕೆಲವೇ ವಾರ ತಮ್ಮ ಮನೆಯಲ್ಲೋ ಕೊಟ್ಟಿಗೆಯಲ್ಲೋ ನಡೆಸುವ ಊಟದ ಜಾಗ ಇದು. ತೆರೆದಿದೆ ಎಂಬ ಗುರುತಿಗೆ ಬಾಗಿಲಲ್ಲಿ ಪೊರಕೆ ಕಟ್ಟಿರುತ್ತಾರೆ. ಉದ್ದ ಬೆಂಚುಗಳು, ತಮ್ಮದೇ ವೈನ್, ಮನೆ ಅಡುಗೆ. ಇಪ್ಪತ್ತು ಜನ ಬಂದರೂ ಅತ್ತೆಗೆ ಪಾತ್ರೆ ತೊಳೆಯುವ ಕೆಲಸವಿಲ್ಲ. ಬಿಲ್ ಬಂದಾಗ ಪ್ರತಿಯೊಬ್ಬರೂ ತಮ್ಮ ಪಾಲು ತಾವು ಕೊಡುತ್ತಾರೆ. ನಾನೇ ಕೊಡ್ತೀನಿ ಅಂತ ಎಳೆದಾಡಬೇಕಾಗಿಲ್ಲ, ಅಲ್ಲಿ ಅದು ಸಹಜ.

ಪಟ್ಟಿಯಲ್ಲಿ ನಿಮ್ಮ ಹೆಸರೂ ಇರಲಿ. ಇಬ್ಬರೇ ಹೋಗಿ ಬರಲು ಎರಡು ಮೂರು ದಿನ ಎತ್ತಿಡಿ. ಬೋಡನ್‌ಸೇ ಸರೋವರವೋ ಕಪ್ಪು ಅರಣ್ಯವೋ, ಎರಡೂ ಹತ್ತಿರವೇ. ಇನ್ನೊಂದು ದಿನ ಗಂಡನೂ ಜೊತೆಗಿಲ್ಲದೆ ನೀವೊಬ್ಬರೇ ಇರಿ. ದಿನವಿಡೀ ಬೇರೆ ಭಾಷೆಯ ಮಾತು ಕೇಳಿ ಕೇಳಿ ತಲೆ ದಣಿಯುತ್ತದೆ. ನಾನು ಸ್ಟುಟ್‌ಗಾರ್ಟ್‌ನ ನಗರ ಗ್ರಂಥಾಲಯಕ್ಕೆ ಹೋಗುತ್ತೇನೆ. 2011ರಲ್ಲಿ ತೆರೆದ ಕಟ್ಟಡ, ಒಳಗೆಲ್ಲ ಬಿಳಿ, ಮಹಡಿ ಮಹಡಿಗೂ ಪುಸ್ತಕದ ಗೋಡೆಗಳು. ಒಳಗೆ ಹೋಗಿ ಕೂರಲು ದುಡ್ಡು ಕೊಡಬೇಕಿಲ್ಲ, ಯಾರೂ ಮಾತಾಡಿಸುವುದಿಲ್ಲ. ಆ ಒಂದು ದಿನ ಸಿಕ್ಕರೆ ಉಳಿದ ದಿನ ನಗುನಗುತ್ತಾ ಇರಬಹುದು.

ಯಾವಾಗ ಹೋಗುವುದು

ಮನೆಯವರಿಗಾಗಿ ಹೋಗುವುದಾದರೆ ಕ್ರಿಸ್‌ಮಸ್, ಗೆಳೆಯರಿಗಾಗಿ ಹೋಗುವುದಾದರೆ ಬೇಸಿಗೆ. ಎರಡನ್ನೂ ಒಂದೇ ಸಲಕ್ಕೆ ತುರುಕಬೇಡಿ.

ಕ್ರಿಸ್‌ಮಸ್‌ನಲ್ಲಿ ಮುಖ್ಯವಾದದ್ದು ಡಿಸೆಂಬರ್ 24ರ ಸಂಜೆ. ಉಡುಗೊರೆ ಕೊಡುವುದು, ಒಟ್ಟಿಗೆ ಊಟ ಮಾಡುವುದು ಎಲ್ಲ ಅವತ್ತೇ. ಅವತ್ತು ಮಧ್ಯಾಹ್ನವೇ ಅಂಗಡಿಗಳು ಮುಚ್ಚುತ್ತವೆ. 25, 26 ಎರಡೂ ದಿನ ಸರ್ಕಾರಿ ರಜೆ. ಹಾಗಾಗಿ ಬೇಕಾದ ಔಷಧಿ, ಬೇಳೆ, ಸಾಕ್ಸು ಎಲ್ಲ 23ರೊಳಗೆ ತಂದಿಟ್ಟುಕೊಳ್ಳಿ. ಗೆಳೆಯರನ್ನು ಕರೆಯುವುದಿದ್ದರೆ 27ರ ನಂತರ. ಎಸ್ಲಿಂಗನ್‌ನ ಮಧ್ಯಯುಗದ ಕ್ರಿಸ್‌ಮಸ್ ಸಂತೆ ನೋಡಬೇಕೆಂದರೆ ಹಬ್ಬಕ್ಕೆ ವಾರ ಮುಂಚೆಯೇ ತಲುಪಬೇಕು, ಹಬ್ಬ ಬರುವಷ್ಟರಲ್ಲಿ ಸಂತೆ ಮುಗಿದಿರುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಊರು ನೋಡುವ ಕೆಲಸ ಬೆಳಿಗ್ಗೆಗೆ ಇಟ್ಟುಕೊಳ್ಳಿ.

ಬೇಸಿಗೆಯಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಆದರೆ ಶಾಲೆ ರಜೆಯ ದಿನ ನೋಡಿಕೊಳ್ಳಿ. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ತಾರೀಖು. ಎಸ್ಲಿಂಗನ್ ಇರುವ ಬಾಡನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಬೇಸಿಗೆ ರಜೆ ಜುಲೈ ಕೊನೆಗೆ ಶುರುವಾಗಿ ಸೆಪ್ಟೆಂಬರ್‌ವರೆಗೆ ಇರುತ್ತದೆ. ಆಗಸ್ಟ್‌ನಲ್ಲಿ ಹೋದರೆ ಮಕ್ಕಳಿರುವ ಮನೆಯವರು ಇಟಲಿಗೋ ಸಮುದ್ರದ ಕಡೆಗೋ ಹೋಗಿರುತ್ತಾರೆ. ಜನ ಸಿಗುವುದು ಜುಲೈನಲ್ಲಿ, ಇಲ್ಲವೇ ಸೆಪ್ಟೆಂಬರ್ ಕೊನೆಗೆ. ನನಗೆ ಸೆಪ್ಟೆಂಬರ್ ಇಷ್ಟ. ದ್ರಾಕ್ಷಿ ಕೊಯ್ಲು ನಡೆಯುತ್ತಿರುತ್ತದೆ, ಚಳಿಯೂ ಹಿತವಾಗಿರುತ್ತದೆ.

ವೀಸಾ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ ಬೇಕು, ಅಂದರೆ ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಆಗುವ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ತಡವೆಂದರೆ 15 ದಿನ ಮುಂಚೆ. 15 ದಿನದಲ್ಲಿ ತೀರ್ಮಾನ ಆಗಬೇಕು, ಕೆಲವು ಅರ್ಜಿಗಳಿಗೆ 45 ದಿನದವರೆಗೂ ಹಿಡಿಯಬಹುದು. ಬೇಸಿಗೆಯಲ್ಲೂ ಡಿಸೆಂಬರ್‌ನಲ್ಲೂ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಅದಕ್ಕೆ ಮೂರು ತಿಂಗಳು ಮುಂಚೆ ಹಾಕಿಬಿಡಿ. 2024ರ ಜೂನ್‌ನಿಂದ ದೊಡ್ಡವರಿಗೆ ಸಾಮಾನ್ಯ ಶುಲ್ಕ 90 ಯೂರೋ. ವಾಪಸ್ ಬರುವ ದಿನದಿಂದ ಇನ್ನೂ ಮೂರು ತಿಂಗಳಾದರೂ ಪಾಸ್‌ಪೋರ್ಟ್ ಅವಧಿ ಇರಬೇಕು, ಎರಡು ಖಾಲಿ ಪುಟ ಬೇಕು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಮದುವೆ ನೋಂದಣಿ ಪತ್ರ, ಅತ್ತೆ ಮನೆಯವರ ಆಹ್ವಾನ ಪತ್ರ, ಕೆಲಸ ಮಾಡುವ ಕಡೆಯಿಂದ ರಜೆ ಪತ್ರ, ಇವಿಷ್ಟನ್ನು ಒಂದೇ ಫೈಲಿನಲ್ಲಿ ಜೋಡಿಸಿ.

ಒಂದು ಒಳ್ಳೆಯ ಸುದ್ದಿ ಬಹಳ ಜನಕ್ಕೆ ಗೊತ್ತಿಲ್ಲ. 2024ರ ಏಪ್ರಿಲ್‌ನಲ್ಲಿ ಯುರೋಪಿಯನ್ ಒಕ್ಕೂಟ ಭಾರತದಲ್ಲಿರುವ ಭಾರತೀಯರಿಗೆ ನಿಯಮ ಸಡಿಲಿಸಿತು. ಹಿಂದಿನ ಮೂರು ವರ್ಷದಲ್ಲಿ ಎರಡು ವೀಸಾ ತಗೊಂಡು ಸರಿಯಾಗಿ ಬಳಸಿದ್ದರೆ ಎರಡು ವರ್ಷದ ವೀಸಾ ಸಿಗಬಹುದು. ಅದಾದ ಮೇಲೆ ಸಾಮಾನ್ಯವಾಗಿ ಐದು ವರ್ಷದ್ದು. ಪಾಸ್‌ಪೋರ್ಟ್ ಅವಧಿ ಅಷ್ಟು ಉಳಿದಿರಬೇಕು, ಆದ್ದರಿಂದ ಅವಧಿ ಕಮ್ಮಿ ಇದ್ದರೆ ಮೊದಲು ಅದನ್ನು ನವೀಕರಿಸಿ. ಎಷ್ಟು ವರ್ಷದ ವೀಸಾ ಇದ್ದರೂ 180 ದಿನದಲ್ಲಿ 90 ದಿನಕ್ಕಿಂತ ಜಾಸ್ತಿ ಇರುವಂತಿಲ್ಲ. ಈಗ ಗಡಿಯಲ್ಲಿ ಮುಖ, ಬೆರಳಚ್ಚು ದಾಖಲು ಮಾಡುವ ಹೊಸ ವ್ಯವಸ್ಥೆ ಬಂದಿದೆ, ದಿನಗಳ ಲೆಕ್ಕ ಕಂಪ್ಯೂಟರ್‌ನಲ್ಲೇ ಇರುತ್ತದೆ.

ನಿಮ್ಮ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗುವ ಆಸೆಯಿದ್ದರೆ ಅತ್ತೆ ಮಾವನಿಗೆ ಮುಂಚೆಯೇ ಹೇಳಿ. ಬಂದವರ ಖರ್ಚು ನನ್ನದು ಎಂದು ಅವರು ತಮ್ಮೂರಿನ ವಿದೇಶಿಯರ ಕಚೇರಿಯಲ್ಲಿ ಬರೆದುಕೊಡುವ ಪತ್ರವೊಂದಿದೆ, ಫೆರ್‌ಪ್ಲಿಖ್ಟುಂಗ್ಸ್‌ಎರ್‌ಕ್ಲೇರುಂಗ್ ಅಂತ. ಅವರೇ ಖುದ್ದಾಗಿ ಹೋಗಿ ಆದಾಯದ ದಾಖಲೆ ತೋರಿಸಬೇಕು, 29 ಯೂರೋ ಶುಲ್ಕ. ನಿವೃತ್ತರಾದ, ಬ್ಯಾಂಕಿನಲ್ಲಿ ಹೆಚ್ಚು ಹಣ ತೋರಿಸಲಾಗದ ಅಪ್ಪ ಅಮ್ಮನಿಗೆ ಈ ಪತ್ರ ದೊಡ್ಡ ಆಸರೆ.

ಓಡಾಟ

ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ನೇರ ವಿಮಾನ ಇದೆ. ಅಲ್ಲಿ ವಿಮಾನ ನಿಲ್ದಾಣದೊಳಗೇ ರೈಲು ನಿಲ್ದಾಣ, ಸ್ಟುಟ್‌ಗಾರ್ಟಿಗೆ ವೇಗದ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ಇಳಿದ ದಿನ ಯಾರನ್ನೂ ನೋಡುವ ಕಾರ್ಯಕ್ರಮ ಬೇಡ, ಸ್ನಾನ ಮಾಡಿ ಮಲಗಿ. ಆಮೇಲಿನ ಓಡಾಟಕ್ಕೆ ಡಾಯ್ಚ್‌ಲಾಂಡ್ ಟಿಕೆಟ್ ಅನುಕೂಲ. 2026ರಿಂದ ತಿಂಗಳಿಗೆ 63 ಯೂರೋ. ಲೋಕಲ್ ರೈಲು, ಬಸ್ಸು, ಟ್ರಾಮ್ ಎಲ್ಲದಕ್ಕೂ ಆಗುತ್ತದೆ, ವೇಗದ ರೈಲುಗಳಿಗೆ ಆಗುವುದಿಲ್ಲ. ಅದು ಚಂದಾ ಥರ. ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ದುಡ್ಡೂ ಕಟ್ ಆಗುತ್ತದೆ.

ಏನು ತಗೊಂಡು ಹೋಗುವುದು

ತುಪ್ಪ, ಖೋವಾ, ಪನೀರ್ ಬೇಡವೇ ಬೇಡ. ಹಾಲಿನ ಪದಾರ್ಥವನ್ನೂ ಮಾಂಸವನ್ನೂ ಹೊರಗಿನಿಂದ ಯುರೋಪಿನೊಳಗೆ ತರುವಂತಿಲ್ಲ. ಪೇಡವನ್ನೂ ಮನೆಯಲ್ಲೇ ಬಿಡಿ. ಹಣ್ಣು ತರಕಾರಿಗೆ ಗಿಡದ ಆರೋಗ್ಯದ ಪ್ರಮಾಣಪತ್ರ ಬೇಕು. ಬಾಳೆ, ತೆಂಗು, ಅನಾನಸ್, ಖರ್ಜೂರ, ಡುರಿಯನ್ ಈ ಐದಕ್ಕೆ ಮಾತ್ರ ಬೇಡ. ಹಾಗಾಗಿ ಕರಿಬೇವು, ಮಾವಿನಹಣ್ಣು ಹಾಕಿಕೊಳ್ಳಬೇಡಿ. ಚಟ್ನಿಪುಡಿ, ಸಾರಿನಪುಡಿ, ಏಲಕ್ಕಿ, ಕಾಳುಮೆಣಸು ಧಾರಾಳವಾಗಿ ಒಯ್ಯಿರಿ. ಮಾವನಿಗೆ ಚಿಕ್ಕಮಗಳೂರಿನ ಕಾಫಿ ಬೀಜ, ಮಕ್ಕಳಿಗೆ ಚನ್ನಪಟ್ಟಣದ ಮರದ ಆಟಿಕೆ. ಬೆಲೆ ಜಾಸ್ತಿ ಇರಬೇಕಾಗಿಲ್ಲ. ಇದು ಯಾವ ಊರಿನದು, ಯಾರು ಮಾಡಿದ್ದು ಅಂತ ಎರಡು ಮಾತು ಹೇಳಿ ಕೊಟ್ಟರೆ ಅವರು ಅದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ.

ಊಟದ ಮಾತು ಮುಂಚೆಯೇ ಆಗಲಿ

ಸಸ್ಯಾಹಾರಿಗಳು ಇದನ್ನು ಗಂಡನ ಕೈಲಿ ಫೋನಿನಲ್ಲೇ ಹೇಳಿಸಬೇಕು. ಸುಮ್ನೆ "ಮಾಂಸ ತಿನ್ನಲ್ಲ" ಅಂದರೆ ಸಾಲದು. ಆ ಕಡೆಯ ಆಲೂಗಡ್ಡೆ ಸಲಾಡ್ ನೋಡಲು ಬರೀ ಆಲೂಗಡ್ಡೆ, ಆದರೆ ಅದಕ್ಕೆ ಬಿಸಿ ಮಾಂಸದ ಸಾರು ಹಾಕಿ ಕಲಸುವುದು ರೂಢಿ. ತರಕಾರಿ ಸಾರು ಹಾಕಿ ಅಂದರೆ ಹಾಗೇ ಮಾಡುತ್ತಾರೆ, ರುಚಿಯೂ ಚೆನ್ನಾಗಿರುತ್ತದೆ. ಜೆಲಾಟಿನ್ (ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು) ಹಾಕಿದ ಕೇಕು, ಬೇಕನ್ ಅಂದರೆ ಹಂದಿಮಾಂಸ ಉದುರಿಸಿದ ಫ್ಲಾಮ್‌ಕೂಖನ್ ಎಂಬ ತೆಳು ರೊಟ್ಟಿ, ಒಳಗೆ ಮಾಂಸ ತುಂಬಿದ ಮೌಲ್‌ಟಾಶನ್ ಎಂಬ ಕಡುಬಿನಂಥದ್ದು, ಇವನ್ನೆಲ್ಲ ಹೆಸರಿಟ್ಟೇ ಹೇಳಿ.

ನನಗೆ ಮೊಟ್ಟೆ ಆಗುತ್ತದೆ, ಆದ್ದರಿಂದ ಅತ್ತೆಯ ಕೇಸ್‌ಸ್ಪೇಟ್ಸ್ಲೆ ನನ್ನ ಪಾಲಿಗೆ ಹಬ್ಬದೂಟ. ಅವರು ಪುಟ್ಟ ಮರದ ಹಲಗೆಯನ್ನು ಒದ್ದೆ ಮಾಡಿ, ಮೊಟ್ಟೆ ಹಾಕಿ ಬಡಿದ ಹಿಟ್ಟನ್ನು ಅದರ ಮೇಲೆ ಸವರುತ್ತಾರೆ. ಹಲಗೆಯನ್ನು ಕುದಿಯುವ ನೀರಿನ ಮೇಲೆ ಓರೆಯಾಗಿ ಹಿಡಿದು, ಅಗಲ ಅಲಗಿನಿಂದ ಹಿಟ್ಟನ್ನು ಸಣ್ಣ ಎಳೆಗಳಾಗಿ ಹೆರೆದು ಬೀಳಿಸುತ್ತಾರೆ. ಎಳೆಗಳು ಮೇಲೆ ತೇಲಿದ ತಕ್ಷಣ ತೂತಿನ ಸೌಟಿನಲ್ಲಿ ತೆಗೆದು, ಒಂದು ಪದರ ಸ್ಪೇಟ್ಸ್ಲೆ, ಒಂದು ಪದರ ತುರಿದ ಚೀಸ್, ಕೊನೆಗೆ ಕೆಂಪಗೆ ಹುರಿದ ಈರುಳ್ಳಿ. ಈ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತು ಈರುಳ್ಳಿ ಹೆಚ್ಚಿಕೊಡಿ. ಭಾಷೆ ಬರದಿದ್ದರೂ ಅಡುಗೆಮನೆಯಲ್ಲಿ ಅತ್ತೆ ಸೊಸೆ ಹತ್ತಿರವಾಗುತ್ತಾರೆ. ಮೊಟ್ಟೆಯನ್ನೂ ತಿನ್ನದ ನನ್ನ ಅಮ್ಮ ಬಂದಿದ್ದಾಗ ಅತ್ತೆ ಅವರಿಗೆಂದೇ ಬೇಳೆಯ ಪಲ್ಯದಂಥದ್ದು ಮಾಡಿ, ಬ್ರೆಡ್ ಜೊತೆ ಕೊಟ್ಟರು. ಮುಂಚೆ ಹೇಳಿದ್ದರಿಂದ ಅದು ಸಾಧ್ಯವಾಯಿತು.

ಒಂದು ದಿನ ಅಡುಗೆ ನಿಮ್ಮದಿರಲಿ. ಬಿಸಿಬೇಳೆಬಾತಿನ ಪುಡಿ ಇಲ್ಲಿಂದ ಒಯ್ದರೆ ತೊಗರಿಬೇಳೆ, ಹುಣಸೆಹಣ್ಣು ಸ್ಟುಟ್‌ಗಾರ್ಟ್‌ನ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತವೆ. ಖಾರ ಅರ್ಧಕ್ಕೆ ಇಳಿಸಿ. ಕುಕ್ಕರ್ ಕೂಗಿದರೆ ಗಾಬರಿಯಾಗುವವರಿದ್ದಾರೆ, ಮುಂಚೆ ಹೇಳಿಡಿ.

ಮನೆಯೊಳಗೆ

ಮೂರು ಗಂಟೆಗೆ ಕಾಫಿಗೆ ಬನ್ನಿ ಅಂದರೆ ಮೂರಕ್ಕೇ ಹೋಗಿ. ಭಾನುವಾರ ಅಂಗಡಿ ಇರುವುದಿಲ್ಲ, ಅವತ್ತು ಡ್ರಿಲ್ಲಿಂಗ್‌ನಂಥ ಗದ್ದಲದ ಕೆಲಸವನ್ನೂ ಮಾಡುವುದಿಲ್ಲ. ಎಷ್ಟೇ ಚಳಿಯಿದ್ದರೂ ಬೆಳಿಗ್ಗೆ ಐದು ನಿಮಿಷ ಕಿಟಕಿ ಪೂರ್ತಿ ತೆಗೆಯುತ್ತಾರೆ, ಆಗ ಸ್ವೆಟರ್ ಹಾಕಿಕೊಳ್ಳಿ. ಯಾರದಾದರೂ ಹುಟ್ಟುಹಬ್ಬ ನಾಳೆ ಇದ್ದರೆ ಇವತ್ತೇ ಶುಭಾಶಯ ಹೇಳಬೇಡಿ. ಮುಂಚೆ ಹೇಳುವುದು ಕೆಟ್ಟದ್ದು ಅಂತ ಅಲ್ಲಿಯ ನಂಬಿಕೆ.

ಒಂದು ವಾರಕ್ಕಿಂತ ಜಾಸ್ತಿ ಇರುವುದಾದರೆ ಕೊನೆಯ ಕೆಲವು ದಿನ ಹತ್ತಿರದಲ್ಲೇ ಬಾಡಿಗೆ ಮನೆ ಹಿಡಿಯಿರಿ. ಹೀಗೆ ಮಾಡುತ್ತೇವೆ ಅಂತ ಗಂಡನೇ ತನ್ನ ಅಮ್ಮನಿಗೆ ಹೇಳಬೇಕು, ಸೊಸೆಯಲ್ಲ. ಊಟದ ವಿಷಯವೂ ಅಷ್ಟೇ, ಯಾರ ಮನೆಗೆ ಹೋಗಲಾಗುವುದಿಲ್ಲ ಅನ್ನುವುದೂ ಅಷ್ಟೇ. ಅವರವರ ಮನೆಯವರಿಗೆ ಅವರವರೇ ಹೇಳುವುದು ಅಂತ ನಾವಿಬ್ಬರೂ ಒಪ್ಪಿಕೊಂಡಿದ್ದೇವೆ. ಸಾಗರದಲ್ಲಿ ನನ್ನ ಚಿಕ್ಕಮ್ಮ, ಸೋದರಮಾವನಿಗೆ ಹೇಳುವ ಕೆಲಸ ನನ್ನದು.

ಹೊರಡುವ ಮುಂಚೆ ಅತ್ತೆಯ ಕ್ಯಾಲೆಂಡರ್ ಮುಂದಿಟ್ಟುಕೊಂಡು ಮುಂದಿನ ಸಲದ ತಿಂಗಳು ಗೊತ್ತು ಮಾಡಿಕೊಳ್ಳಿ. ಅಲ್ಲಿಯ ಶಾಲೆ ರಜೆಗಳ ತಾರೀಖು ವರ್ಷಗಳ ಮುಂಚೆಯೇ ಪ್ರಕಟವಾಗಿರುತ್ತದೆ. ನಾದಿನಿ ತನ್ನ ಮಕ್ಕಳ ರಜೆ ನೋಡಿ ಹೇಳುತ್ತಾಳೆ, ನೀವು ನಿಮ್ಮ ಆಫೀಸಿನ ರಜೆ ನೋಡಿ ಹೇಳಿ. ಈ ಸಲ ಸಿಗದ ಗೆಳೆಯರಿಗೆ ಅಲ್ಲಿಂದಲೇ ಆ ತಿಂಗಳು ತಿಳಿಸಿಬಿಡಿ.