ಚಿಯಾಂಗ್ ರಾಯ್ ಬೀದಿಯಲ್ಲಿ ನಾಮ್ ಙಿಯಾವ್: ನಾನು ತಿನ್ನುವ ರೀತಿ

ಉತ್ತರ ಥಾಯ್ಲೆಂಡಿಗೆ ಹೋದವರು ಹೆಚ್ಚಾಗಿ ಖಾವ್ ಸೋಯ್ ತಿಂದು ಬರುತ್ತಾರೆ. ತೆಂಗಿನಹಾಲಿನ ಸಾರು, ಮೇಲೆ ಕರಿದ ನೂಡಲ್ಸ್. ಅದೂ ರುಚಿಯೇ. ಆದರೆ ಚಿಯಾಂಗ್ ರಾಯ್‌ಗೆ ಹೋಗುವವರು ಯಾರೇ ಸಿಕ್ಕಲಿ, ಅಲ್ಲಿ ಮೊದಲು ಖನೋಮ್ ಚೀನ್ ನಾಮ್ ಙಿಯಾವ್ ತಿನ್ನಿ ಅಂತ ಹೇಳಿ ಕಳಿಸುತ್ತೇನೆ. ಇದಕ್ಕೆ ತೆಂಗಿನಹಾಲು ಹಾಕುವುದಿಲ್ಲ. ಹಂದಿ ಎಲುಬಿನ ಸಾರು, ಸಣ್ಣ ಹುಳಿ ಟೊಮೆಟೊ, ಒಣಮೆಣಸಿನಕಾಯಿ, ಹುದುಗಿಸಿ ಒಣಗಿಸಿದ ಸೋಯಾ, ಒಂದು ಒಣಹೂವು. ಅಡಿಯಲ್ಲಿ ಖನೋಮ್ ಚೀನ್ ಅನ್ನುವ ಅಕ್ಕಿ ಶ್ಯಾವಿಗೆ. ಮ್ಯಾನ್ಮಾರ್ ಕಡೆಯ ಶಾನ್ ಜನರಿಂದ ಬಂದ ಅಡುಗೆ ಅಂತ ಅಲ್ಲಿನವರು ಹೇಳುತ್ತಾರೆ.

ನಾನು ಕೊಡಗಿನವನು. ಕಾಫಿ ಕೆಲಸದ ಮೇಲೆ ಆ ಕಡೆ ಓಡಾಟ ಇದೆ. ದೊಯ್ ಚಾಂಗ್, ದೊಯ್ ತುಂಗ್ ಬೆಟ್ಟಗಳಲ್ಲಿ ಅರೇಬಿಕಾ ಬೆಳೆಯುತ್ತಾರೆ. ಬೆಟ್ಟ ಹತ್ತುವ ಮೊದಲು ಪೇಟೆಯಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಕು. ಬೆಳಿಗ್ಗೆ ಮಾರುಕಟ್ಟೆಯ ಪಕ್ಕ ಗಾಡಿಯ ಮುಂದೆ ಕೂತು ಇದನ್ನು ತಿನ್ನುವುದು ಹಾಗೆ ಅಭ್ಯಾಸವಾಯಿತು. ಇದು ಬೆಳಗಿನ, ಹೆಚ್ಚೆಂದರೆ ಮಧ್ಯಾಹ್ನದ ತಿಂಡಿ. ಸಂಜೆ ಹುಡುಕಿಕೊಂಡು ಹೋದರೆ ಒಳ್ಳೆಯ ಗಾಡಿಗಳಲ್ಲಿ ಪಾತ್ರೆ ತೊಳೆಯುತ್ತಿರುತ್ತಾರೆ.

ಗಾಡಿ ಆರಿಸುವಾಗ ನಾನು ಬೋರ್ಡು ನೋಡುವುದಿಲ್ಲ, ಪಾತ್ರೆ ನೋಡುತ್ತೇನೆ. ಸಾರಿನ ಮೇಲೆ ಕೆಂಪು ಎಣ್ಣೆ ತೆಳ್ಳಗೆ ಹರಡಿರಬೇಕು. ಕುದಿ ಸಣ್ಣಗಿರಬೇಕು. ಟೊಮೆಟೊ ಸಿಪ್ಪೆ ಬಿಟ್ಟುಕೊಂಡು ಮೆತ್ತಗಾಗಿದ್ದರೂ ಪೂರ್ತಿ ಕರಗಿ ಹೋಗಿರಬಾರದು. ಆಮೇಲೆ ಶ್ಯಾವಿಗೆಯ ಬುಟ್ಟಿ. ಬಾಳೆ ಎಲೆ ಹಾಸಿ, ಶ್ಯಾವಿಗೆಯನ್ನು ಒಂದೊಂದು ಹಿಡಿ ಸುರುಳಿ ಸುತ್ತಿ ಸಾಲಾಗಿ ಜೋಡಿಸಿರುತ್ತಾರೆ. ಅಂಚು ಒಣಗಿ ಬಿರುಸಾಗಿದ್ದರೆ ನಾನು ಮುಂದಿನ ಗಾಡಿಗೆ ಹೋಗುತ್ತೇನೆ. ಆಫೀಸಿಗೆ ಹೋಗುವವರು ಸ್ಕೂಟರ್ ನಿಲ್ಲಿಸಿ ಪಾರ್ಸೆಲ್ ಕಟ್ಟಿಸಿಕೊಳ್ಳುತ್ತಿದ್ದರೆ ಅಲ್ಲಿ ಧೈರ್ಯವಾಗಿ ಕೂರಬಹುದು.

ಈ ಶ್ಯಾವಿಗೆ ನೋಡಿದರೆ ನಮ್ಮವರಿಗೆ ನೂಲ್‌ಪುಟ್ಟು, ಅಂದರೆ ಕೊಡಗಿನ ಒತ್ತುಶ್ಯಾವಿಗೆ, ನೆನಪಾಗದೆ ಇರದು. ಆದರೆ ಮಾಡುವ ಕ್ರಮ ಬೇರೆ. ಅಕ್ಕಿಯನ್ನು ನೆನೆಸಿ, ಕೆಲವು ದಿನ ಹುಳಿ ಬರಲು ಬಿಟ್ಟು, ರುಬ್ಬಿ, ಬಟ್ಟೆಯಲ್ಲಿ ಕಟ್ಟಿ ಭಾರ ಹೇರಿ ನೀರು ಇಳಿಸುತ್ತಾರೆ. ಆ ಹಿಟ್ಟನ್ನು ಅರೆಬರೆ ಬೇಯಿಸಿ ನಾದಿ, ತೂತಿನ ಅಚ್ಚಿನಿಂದ ನೇರವಾಗಿ ಕುದಿಯುವ ನೀರಿಗೆ ಒತ್ತುತ್ತಾರೆ. ಬೆಂದು ಮೇಲೆ ಬಂದ ಕೂಡಲೇ ತೆಗೆದು ತಣ್ಣೀರಿನಲ್ಲಿ ತೊಳೆಯುತ್ತಾರೆ. ಅದಕ್ಕೇ ಎಳೆಗಳು ಜಾರುತ್ತವೆ, ಒಂದಕ್ಕೊಂದು ಅಂಟುವುದಿಲ್ಲ. ಹುಳಿ ಬರಿಸದೆ ಮಾಡುವ ಶ್ಯಾವಿಗೆಯೂ ಇದೆ, ಅದು ಹೆಚ್ಚು ಬಿಳಿ. ಹುಳಿ ಬಂದದ್ದು ಸ್ವಲ್ಪ ಕಂದು ಬಣ್ಣಕ್ಕಿರುತ್ತದೆ, ಅಗಿಯಲು ಗಟ್ಟಿ. ಎರಡೂ ಇದ್ದರೆ ನಾನು ಕಂದು ಬಣ್ಣದ್ದನ್ನೇ ಕೈ ತೋರಿಸಿ ಕೇಳುತ್ತೇನೆ. ಖಾರದ ಸಾರಿನಡಿ ಅದರ ಸಣ್ಣ ಹುಳಿ ಚೆನ್ನಾಗಿ ಕೂರುತ್ತದೆ.

ಇನ್ನು ಆ ಹೂವು. ನನಗೆ ಈ ಸಾರಿನ ಮೇಲೆ ಇಷ್ಟು ಪ್ರೀತಿ ಬರಲು ಅರ್ಧ ಕಾರಣ ಅದೇ. ಅದು ಕೆಂಪು ಬೂರುಗದ ಹೂವು. ನಮ್ಮ ಕಾಡಂಚಿನಲ್ಲಿ, ರಸ್ತೆ ಬದಿಯಲ್ಲಿ ಎಲೆ ಉದುರಿದ ಮೇಲೆ ಮೈತುಂಬ ಕೆಂಪಾಗುವ ಮರ ಇದೆಯಲ್ಲ, ಅದೇ. ನಮ್ಮಲ್ಲಿ ಬಿದ್ದ ಹೂವನ್ನು ದನ ತಿನ್ನುತ್ತವೆ, ಜಿಂಕೆ ತಿನ್ನುತ್ತವೆ. ಅಲ್ಲಿನವರು ಹೂವನ್ನು ಆರಿಸಿ ತಂದು, ದಪ್ಪ ಎಸಳನ್ನು ಕಿತ್ತು, ಒಳಗಿನ ಕೇಸರಗಳ ಗೊಂಚಲನ್ನು ಮಾತ್ರ ಬಿಸಿಲಿಗೆ ಹಾಕುತ್ತಾರೆ. ಒಣಗಿದ ಮೇಲೆ ಅದು ಕಂದು ಬಣ್ಣದ ಪುಟ್ಟ ಪೊರಕೆಯ ತುದಿಯ ಹಾಗೆ ಕಾಣುತ್ತದೆ. ಮಾರುಕಟ್ಟೆಯಲ್ಲಿ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ಮಾರುತ್ತಾರೆ. ಅದನ್ನು ನೀರಲ್ಲಿ ನೆನೆಸಿ ಸಾರಿಗೆ ಹಾಕಿದರೆ ಎಳೆ ಎಳೆಯಾಗಿ ಬಿಚ್ಚಿಕೊಂಡು ಮೆತ್ತಗಾಗುತ್ತದೆ.

ಬಟ್ಟಲು ಬಂದ ಕೂಡಲೇ ನಾನು ಚಮಚದಿಂದ ಒಂದು ಗೊಂಚಲು ಎತ್ತುತ್ತೇನೆ. ಎಳೆಗಳ ನಡುವೆ ಸಾರು ಸಿಕ್ಕಿಕೊಂಡಿರುತ್ತದೆ. ಬಾಯಿಗೆ ಹಾಕಿ ಅದುಮಿದರೆ ಟೊಮೆಟೊ ಹುಳಿ, ಎಲುಬಿನ ಸಿಹಿ, ಮೆಣಸಿನ ಬಿಸಿ ಎಲ್ಲ ಒಟ್ಟಿಗೆ ಇಳಿಯುತ್ತದೆ. ಹೂವಿಗೆ ಅದರದ್ದೇ ಅಂತ ದೊಡ್ಡ ರುಚಿ ಇಲ್ಲ. ಸಾರನ್ನು ಹಿಡಿದಿಡುವುದೇ ಅದರ ಕೆಲಸ. ಹೂವು ಕಡಿಮೆ ಹಾಕುವ ಗಾಡಿಗೆ ನಾನು ಎರಡನೇ ಸಲ ಹೋಗುವುದಿಲ್ಲ.

ಸಾರಿನ ಆಳಕ್ಕೆ ಕಾರಣ ಮಾತ್ರ ತುವಾ ನಾವ್. ಬೇಯಿಸಿದ ಸೋಯಾ ಕಾಳನ್ನು ಹುದುಗಿಸಿ, ಕುಟ್ಟಿ, ಹಪ್ಪಳದಂತೆ ತಟ್ಟಿ ಒಣಗಿಸಿರುತ್ತಾರೆ. ಅದನ್ನು ಕೆಂಡದ ಮೇಲೆ ಸುಟ್ಟು ಒಣಮೆಣಸು, ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಕೊತ್ತಂಬರಿ ಬೇರು, ಮಜ್ಜಿಗೆಹುಲ್ಲು, ಸಿಗಡಿ ಪೇಸ್ಟಿನ ಜೊತೆ ಕುಟ್ಟುತ್ತಾರೆ. ಸುಡುವಾಗ ಬರುವ ವಾಸನೆ ಜೋರು. ಮೂಗು ಮುಚ್ಚಿಕೊಂಡು ದೂರ ಹೋಗಬೇಡಿ, ಸಾರಿನಲ್ಲಿ ಅದು ಬೇರೆಯೇ ಆಗುತ್ತದೆ.

ಈಗ ತಿನ್ನುವ ವಿಷಯ. ಗಾಡಿಯಾಕೆ ಬಟ್ಟಲಿಗೆ ಎರಡು ಮೂರು ಸುರುಳಿ ಶ್ಯಾವಿಗೆ ಹಾಕಿ, ಮೇಲೆ ಸೌಟಿನಲ್ಲಿ ಸಾರು ಸುರಿದು, ಎಲುಬು, ಕೈಮಾ, ಹೆಪ್ಪುಗಟ್ಟಿದ ರಕ್ತದ ತುಂಡು, ಕರಿದ ಬೆಳ್ಳುಳ್ಳಿ, ಕೊತ್ತಂಬರಿ, ಈರುಳ್ಳಿ ಸೊಪ್ಪು ಹಾಕಿ ಕೊಡುತ್ತಾರೆ. ರಕ್ತ ಬೇಡ ಅನ್ನುವವರು ಮೊದಲೇ “ಮೈ ಸೈ ಲುಅತ್” ಅಂದರೆ ಸಾಕು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ವಯಸ್ಸಾದ ಗಾಡಿಯವರನ್ನು ‘ಪಾ’ ಅಂತ ಕರೆಯುತ್ತಾರೆ, ನಾವು ದೊಡ್ಡಮ್ಮ ಅಂದ ಹಾಗೆ. ಕರೆದರೆ ಅವರಿಗೂ ಖುಷಿ.

ಅಡುಗೆ ಅಲ್ಲಿಗೆ ಮುಗಿಯುವುದಿಲ್ಲ. ಉಳಿದದ್ದು ಮೇಜಿನ ಮೇಲಿದೆ: ಹಸಿ ಮೊಳಕೆ, ಸಣ್ಣಗೆ ಹೆಚ್ಚಿದ ಎಲೆಕೋಸು, ಉಪ್ಪಿನಲ್ಲಿ ಹಾಕಿದ ಸಾಸಿವೆ ಸೊಪ್ಪು, ನಿಂಬೆ ಹೋಳು, ಎಣ್ಣೆಯಲ್ಲಿ ಕರಿದ ಒಣಮೆಣಸು. ನಾನು ಹೋಗುವ ಗಾಡಿಯ ಪಾ ಒಂದು ಬೆಳಿಗ್ಗೆ ನನ್ನ ಪಕ್ಕದಲ್ಲಿದ್ದ ಹುಡುಗನಿಗೆ, “ನಿಂಬೆ ಓಡಿ ಹೋಗಲ್ಲಪ್ಪ, ಮೊದಲು ಸಾರು ಕುಡಿ” ಅನ್ನುವ ಅರ್ಥದಲ್ಲಿ ಏನೋ ಹೇಳಿದರು. ನಾನೂ ಹಾಗೇ ಮಾಡುತ್ತೇನೆ. ಟೊಮೆಟೊ ಹುಳಿ ಒಂದೊಂದು ದಿನ ಒಂದೊಂದು ಥರ. ಅದು ಗೊತ್ತಾಗುವ ಮೊದಲೇ ನಿಂಬೆ ಹಿಂಡಿದರೆ ಸಾರು ಚೂಪಾಗಿ ಹೋಗುತ್ತದೆ. ಎರಡು ಚಮಚ ಬರೀ ಸಾರು, ಆಮೇಲೆ ಬೇಕಾದರೆ ಅರ್ಧ ಹೋಳು.

ಶ್ಯಾವಿಗೆ ತಣ್ಣಗಿರುತ್ತದೆ, ಸಾರು ಬಿಸಿ. ಹಾಗಾಗಿ ಬಟ್ಟಲು ಬೇಗ ಆರುತ್ತದೆ. ಫೋಟೊ ತೆಗೆಯುತ್ತಾ ಕೂರಬೇಡಿ. ಮೊಳಕೆಯನ್ನು ಒಮ್ಮೆಲೇ ಸುರಿದರೆ ಇನ್ನೂ ಬೇಗ ಆರುತ್ತದೆ, ನೀರೂ ಬಿಡುತ್ತದೆ. ಒಂದೊಂದು ಹಿಡಿ ಹಾಕಿಕೊಂಡು, ಅದು ಮುಗಿದ ಮೇಲೆ ಇನ್ನೊಂದು. ಆಗ ಕೊನೆಯವರೆಗೂ ಕರುಂ ಅನ್ನುತ್ತದೆ. ಇದಕ್ಕೆ ಚಾಪ್‌ಸ್ಟಿಕ್ ಬೇಕಿಲ್ಲ. ಅಲ್ಲಿನವರು ಚಮಚದ ಅಂಚಿನಿಂದ ಶ್ಯಾವಿಗೆ ಕತ್ತರಿಸಿ, ಫೋರ್ಕಿನಿಂದ ಚಮಚಕ್ಕೆ ತಳ್ಳಿ, ಸಾರು ಸಮೇತ ತಿನ್ನುತ್ತಾರೆ. ಕರಿದ ಮೆಣಸನ್ನು ಸಾರಿಗೆ ಹಾಕದೆ, ತುತ್ತಿನ ಜೊತೆ ಕಚ್ಚಿಕೊಂಡರೆ ಅದರ ಹುರಿದ ವಾಸನೆ ಉಳಿಯುತ್ತದೆ. ಪಕ್ಕದಲ್ಲಿ ಖೇಪ್ ಮೂ ಅಂತ ಕರಿದ ಹಂದಿ ಚರ್ಮದ ಪೊಟ್ಟಣ ಇಟ್ಟಿರುತ್ತಾರೆ. ಅದನ್ನು ಅರ್ಧ ಮುಳುಗಿಸಿ, ಅರ್ಧ ಗರಿಗರಿಯಾಗಿರುವಾಗಲೇ ತಿನ್ನಬೇಕು. ಮೇಜಿನ ಸಕ್ಕರೆ ಡಬ್ಬಿಯನ್ನು ನಾನು ಮುಟ್ಟುವುದಿಲ್ಲ. ಕೆಲವರು ಹಾಕುತ್ತಾರೆ, ಆದರೆ ಈ ಸಾರಿಗೆ ಅದು ಬೇಡ ಅಂತ ನನ್ನ ಗಟ್ಟಿ ಅಭಿಪ್ರಾಯ.

ಸಸ್ಯಾಹಾರಿಗಳಿಗೆ ನೇರವಾಗಿ ಹೇಳಿಬಿಡುತ್ತೇನೆ. ಬೀದಿ ಗಾಡಿಯ ನಾಮ್ ಙಿಯಾವ್ ನಿಮಗಲ್ಲ. ಮಾಂಸ ತೆಗೆದು ಕೊಡಿ ಅಂದರೂ ಸಾರು ಎಲುಬಿನದ್ದೇ, ಮಸಾಲೆಯಲ್ಲಿ ಸಿಗಡಿ ಇದ್ದೇ ಇರುತ್ತದೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ‘ಜೇ’ ಅಂಗಡಿ ಹುಡುಕಿ. ಅಲ್ಲಿ ಮಾಂಸ, ಮೀನು ಹಾಕುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಕೆಲವು ಕಡೆ ಅಣಬೆ, ತೋಫು ಹಾಕಿದ ನಾಮ್ ಙಿಯಾವ್ ಸಿಗುತ್ತದೆ.

ಪಾರ್ಸೆಲ್ ಬೇಕಿದ್ದರೂ ಅಡ್ಡಿಯಿಲ್ಲ. ಸಾರನ್ನು ಒಂದು ಚೀಲದಲ್ಲಿ ಗಾಳಿ ತುಂಬಿಸಿ ರಬ್ಬರ್ ಬ್ಯಾಂಡ್ ಬಿಗಿದು ಕೊಡುತ್ತಾರೆ. ಶ್ಯಾವಿಗೆ ಇನ್ನೊಂದರಲ್ಲಿ, ಸೊಪ್ಪು ಮೊಳಕೆ ಮತ್ತೊಂದರಲ್ಲಿ. ಬೆಟ್ಟಕ್ಕೆ ಹೋಗುವಾಗ ನಾನು ಹಾಗೇ ಕಟ್ಟಿಸಿಕೊಂಡು ಹೋಗಿ, ತೋಟದ ಮನೆಯಲ್ಲಿ ಸಾರು ಮಾತ್ರ ಕುದಿಸಿಕೊಂಡು ತಿನ್ನುತ್ತೇನೆ. ಶ್ಯಾವಿಗೆಯನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಗಟ್ಟಿಯಾಗಿ ಪುಡಿ ಪುಡಿಯಾಗುತ್ತದೆ. ಅದೇ ದಿನ ತಿಂದು ಮುಗಿಸಿ. ಸಾರು ಮಾತ್ರ ಮಿಕ್ಕರೆ ಮರುದಿನ ಬೆಳಿಗ್ಗೆ ಬಿಸಿ ಅನ್ನಕ್ಕೆ ಹಾಕಿಕೊಳ್ಳಿ. ಹೂವು ರಾತ್ರಿಯಿಡೀ ಸಾರು ಕುಡಿದು ಇನ್ನೂ ಚೆನ್ನಾಗಿರುತ್ತದೆ.