ಸಾಲ-ಜಿಡಿಪಿ ಹೋಲಿಸುವಾಗ ಛೇದವನ್ನು ಮೊದಲು ನೋಡಿ

ದಾವಣಗೆರೆಯಲ್ಲಿ ಎಂ.ಕಾಂ. ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಮಾಡಿಸುತ್ತೇನೆ. ಭಾರತ, ಚೀನಾ, ಬಾಂಗ್ಲಾದೇಶಗಳಲ್ಲಿ ಹಣಕಾಸು ಸಂಸ್ಥೆಗಳ ಆಳ (ಜಿಡಿಪಿಗೆ, ಅಂದರೆ ದೇಶದ ಒಂದು ವರ್ಷದ ಒಟ್ಟು ಉತ್ಪನ್ನಕ್ಕೆ ಹೋಲಿಸಿದರೆ ಅವುಗಳ ಸಾಲ, ಆಸ್ತಿ ಎಷ್ಟು ದೊಡ್ಡದು ಎಂಬುದು) ಕಾಲಕಾಲಕ್ಕೆ ಹೇಗೆ ಬದಲಾಯಿತು ಎಂಬ ವಿಷಯವನ್ನು ಯಾರಾದರೊಬ್ಬರು ಆರಿಸಿಕೊಂಡೇ ಇರುತ್ತಾರೆ. ಅವರಿಗೆ ಹೇಳಿಕೊಡುವ ಕ್ರಮ ಇದು.

ಮೊದಲು ಅಳತೆ ಯಾವುದೆಂದು ಗಟ್ಟಿ ಮಾಡಿಕೊಳ್ಳಿ. ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಈ ಆಳಕ್ಕೆಂದು ಕೊಡುವ ಸೂಚ್ಯಂಕ ನಾಲ್ಕು ಬಾಬ್ತುಗಳನ್ನು ಜಿಡಿಪಿಯ ಎದುರು ಇಟ್ಟು ನೋಡುತ್ತದೆ: ಖಾಸಗಿ ವಲಯದ ಸಾಲ, ಪಿಂಚಣಿ ನಿಧಿ, ಮ್ಯೂಚುವಲ್ ಫಂಡ್ ಆಸ್ತಿ, ವಿಮಾ ಕಂತು. 1980ರಿಂದೀಚಿನ ಅಂಕಿ ಸಿಗುತ್ತದೆ. ಆದರೆ ಅಲ್ಲಿನ 0.4 ಎಂದರೆ ಜಿಡಿಪಿಯ ಶೇ 40 ಅಲ್ಲ, ಉಳಿದ ದೇಶಗಳ ನಡುವೆ ನಿಮ್ಮ ದೇಶ ನಿಂತಿರುವ ಜಾಗ. ಹಾಗಾಗಿ ವಿಶ್ವಬ್ಯಾಂಕಿನ ಮೂಲ ಅನುಪಾತವನ್ನೂ ಪಕ್ಕದಲ್ಲೇ ಇಟ್ಟುಕೊಳ್ಳಿ. ಅಲ್ಲಿಯೂ ಎರಡು ಸಾಲುಗಳಿವೆ: ಖಾಸಗಿ ವಲಯಕ್ಕೆ ಸಿಕ್ಕ ಒಟ್ಟು ಸಾಲ, ಬ್ಯಾಂಕುಗಳು ಮಾತ್ರ ಕೊಟ್ಟ ಸಾಲ. ಅಮೆರಿಕದಲ್ಲಿ ಮೊದಲನೆಯದು ಜಿಡಿಪಿಯನ್ನೇ ಮೀರುತ್ತದೆ, ಎರಡನೆಯದು ಜಿಡಿಪಿಯ ಅರ್ಧದ ಆಸುಪಾಸು. ಒಂದು ದೇಶಕ್ಕೆ ಇದು, ಇನ್ನೊಂದಕ್ಕೆ ಅದು ತೆಗೆದುಕೊಂಡರೆ ಇಡೀ ಅಧ್ಯಾಯವೇ ದಂಡ.

ಎರಡರಲ್ಲೂ ಸೇರದ ಸಾಲ ನಮ್ಮ ಎಪಿಎಂಸಿಯಲ್ಲೇ ಇದೆ. ಮೆಕ್ಕೆಜೋಳದ ರೈತ ಬೀಜ, ಗೊಬ್ಬರಕ್ಕೆ ದಲ್ಲಾಳಿ ಅಂಗಡಿಯಲ್ಲಿ ದುಡ್ಡು ತರುತ್ತಾನೆ, ಫಸಲು ಅಲ್ಲೇ ಹಾಕಿ ಲೆಕ್ಕ ಚುಕ್ತಾ ಮಾಡುತ್ತಾನೆ. ಆಳ ಕಡಿಮೆ ಎಂದ ಮಾತ್ರಕ್ಕೆ ಸಾಲವೇ ಇಲ್ಲವೆಂದು ಬರೆಯಬೇಡಿ.

ಇನ್ನು ಛೇದ. ಸಾಲದ ಬಾಕಿ ವರ್ಷದ ಕೊನೆಯ ದಿನದ್ದು, ಜಿಡಿಪಿ ಇಡೀ ವರ್ಷದ್ದು. ಬೆಲೆ ಏರುತ್ತಿದ್ದರೆ ಅನುಪಾತ ಸುಮ್ಮನೆ ಊದಿಕೊಳ್ಳುತ್ತದೆ. ಕಳೆದ ವರ್ಷದ ಕೊನೆಗೆ ಸಾಲ 40, ಬೆಲೆ ಸೂಚ್ಯಂಕ 100 ಎನ್ನಿ. ಈ ವರ್ಷದ ಕೊನೆಗೆ ಸಾಲ 55, ಸೂಚ್ಯಂಕ 110. ಜಿಡಿಪಿ 105, ವರ್ಷದ ಸರಾಸರಿ ಸೂಚ್ಯಂಕ 105. ನೇರ ಭಾಗಿಸಿದರೆ ಶೇ 52.4. ಬೆಲೆ ಏರಿಕೆ ಕಳೆದರೆ ಸಾಲ 40 ಮತ್ತು 50, ಸರಾಸರಿ 45, ಜಿಡಿಪಿ 100. ಅನುಪಾತ ಶೇ 45! ಹಣದುಬ್ಬರ ಹೆಚ್ಚಿರುವ ದೇಶವನ್ನು ಹೋಲಿಸುವಾಗ ಈ ಲೆಕ್ಕ ಬಿಡಲೇಬೇಡಿ.

ಜಿಡಿಪಿ ಲೆಕ್ಕಕ್ಕೆ ಆಧಾರವಾಗಿ ಹಿಡಿಯುವ ಮೂಲ ವರ್ಷವೂ ಬದಲಾಗುತ್ತದೆ. ನೈಜೀರಿಯಾ 2014ರಲ್ಲಿ ಹಾಗೆ ಮಾಡಿದಾಗ ಅದರ 2013ರ ಜಿಡಿಪಿ ಸುಮಾರು ಶೇ 89 ಹಿಗ್ಗಿತು. ಒಂದು ರೂಪಾಯಿ ಸಾಲವೂ ಕಡಿಮೆಯಾಗದೆ ಅನುಪಾತ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುವ ಲೆಕ್ಕವಿದು. ಹಳೆಯ ವರ್ಷಗಳನ್ನೂ ಹೊಸ ಸರಣಿಗೆ ತಂದಿದ್ದಾರೆಯೇ ನೋಡಿ. ಭಾರತದ 2020ರ ಏರಿಕೆಯನ್ನಂತೂ ಪ್ರಗತಿ ಎನ್ನಬೇಡಿ, ಆ ವರ್ಷ ಕುಗ್ಗಿದ್ದು ಜಿಡಿಪಿ.

ಗ್ರಾಫಿನಲ್ಲಿ ಭಾರತಕ್ಕೆ 1969, 1980ರ ಬ್ಯಾಂಕ್ ರಾಷ್ಟ್ರೀಕರಣ ಮತ್ತು 1991ರ ಸುಧಾರಣೆಗೆ ಗೆರೆ ಎಳೆಯಿರಿ. ಇಸವಿಗೆ ಇಸವಿ ಹೋಲಿಸಿದ್ದು ಸಾಲದು. ತಲಾ ಆದಾಯ ಒಂದೇ ಮಟ್ಟದಲ್ಲಿದ್ದ ವರ್ಷಗಳನ್ನೂ ಜೋಡಿಸಿ. ಕೆಟ್ಟ ಸಾಲದ ಪ್ರಮಾಣಕ್ಕೆ ಬೇರೆ ಕಾಲಂ ಇರಲಿ: ಸೈಪ್ರಸ್‌ನಲ್ಲಿ ಸಾಲ ಜಿಡಿಪಿಯ ಎರಡು ಪಟ್ಟು ದಾಟಿತ್ತು, 2013ರಲ್ಲಿ ಅಲ್ಲಿನ ದೊಡ್ಡ ಬ್ಯಾಂಕುಗಳೇ ಕುಸಿದವು.