ಮುಳ್ಳುತಂತಿಯ ನೋಟು: ಓದುವುದು ಹೇಗೆ?

ಎರಡನೇ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದ ‘ಹೇ’ ಎಂಬ ಊರಿನಲ್ಲಿದ್ದ ಬಂದಿಗಳ ಶಿಬಿರದ ನೋಟು ತೋರಿಸಿದರೆ ಎಲ್ಲರೂ ಮೊದಲು ಕಾಂಗರೂ ನೋಡುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ. ಅಂಚು ಓದುವವರೇ ಇಲ್ಲ.

1940ರ ಸೆಪ್ಟೆಂಬರ್‌ನಲ್ಲಿ ‘ಡುನೇರಾ’ ಹಡಗು ಬ್ರಿಟನ್ನಿನಿಂದ ಸುಮಾರು 2,500 ಬಂದಿಗಳನ್ನು ಆಸ್ಟ್ರೇಲಿಯಾಕ್ಕೆ ತಂದಿಳಿಸಿತು. ಹೆಚ್ಚಿನವರು ಹಿಟ್ಲರನಿಂದ ತಪ್ಪಿಸಿಕೊಂಡಿದ್ದ ಯಹೂದಿಗಳು. ಜರ್ಮನ್, ಆಸ್ಟ್ರಿಯನ್ ಎಂಬ ಒಂದೇ ಕಾರಣಕ್ಕೆ ಶತ್ರುಗಳಾದರು! ಕೈಯಲ್ಲಿ ಅಸಲಿ ದುಡ್ಡಿದ್ದರೆ ಓಡಿಹೋಗುವುದು ಸುಲಭ, ಅಲ್ವಾ? ಹಾಗಾಗಿ ಅವರಲ್ಲಿ ಅನೇಕರನ್ನಿಟ್ಟ ಹೇ ಶಿಬಿರದಲ್ಲಿ ಬೇಲಿಯೊಳಗೆ ಮಾತ್ರ ನಡೆಯುವ ನೋಟು ಬಂತು. ಆರು ಪೆನ್ಸ್, ಒಂದು ಶಿಲ್ಲಿಂಗ್, ಎರಡು ಶಿಲ್ಲಿಂಗ್. ಚಿತ್ರ ಬರೆದವರು ಅಲ್ಲೇ ಬಂದಿಯಾಗಿದ್ದ ಆಸ್ಟ್ರಿಯಾದ ಕಲಾವಿದ ಜಾರ್ಜ್ ಟೆಲ್ಷರ್. 1941ರಲ್ಲಿ ಊರಿನ ಪತ್ರಿಕೆ ‘ರಿವರೀನ್ ಗ್ರೇಜಿಯರ್’ ಅಚ್ಚು ಹಾಕಿಕೊಟ್ಟಿತು.

ಹಂತ 1: ದೊಡ್ಡ, ಸ್ಪಷ್ಟ ಸ್ಕ್ಯಾನ್ ಹುಡುಕಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಬೇಡ.

ಹಂತ 2: ಎಡವುವುದು ಇಲ್ಲೇ. ಅಂಚಿನ ಮುಳ್ಳುತಂತಿ ಬರೀ ಅಲಂಕಾರವಲ್ಲ, ಅದರ ತಿರುವುಗಳಲ್ಲೇ ಇಂಗ್ಲಿಷ್ ಅಕ್ಷರಗಳಿವೆ. ಇಡೀ ಅಂಚನ್ನು ಒಟ್ಟಿಗೆ ನೋಡಿದರೆ ಏನೂ ಕಾಣದು. ಎರಡು ಬಿಳಿ ಕಾಗದ ಇಟ್ಟು ಬೆರಳಗಲದಷ್ಟು ಮಾತ್ರ ಬಿಡಿ. ಮುಳ್ಳುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ತಂತಿಯ ಜಾಡು ಮಾತ್ರ ಹಿಡಿಯಿರಿ, ಡಾಕ್ಟರ ಚೀಟಿ ಓದುವ ಔಷಧಿ ಅಂಗಡಿಯವನ ಹಾಗೆ. ಮೂಲೆ ಬಂದಾಗ ಚಿತ್ರವನ್ನೇ ತಿರುಗಿಸಿ, ಕತ್ತನ್ನಲ್ಲ. ‘ಹಿಯರ್’ (ಇಲ್ಲಿ) ಎಂಬ ಪದ ಒಮ್ಮೆ ಸಿಕ್ಕರೆ ಸಾಕು, ಮುಂದಿನದು ತಾನಾಗಿ ಬರುತ್ತದೆ: ‘ನಾವಿಲ್ಲಿದ್ದೇವೆ, ಏಕೆಂದರೆ ನಾವಿಲ್ಲಿದ್ದೇವೆ, ಏಕೆಂದರೆ ನಾವಿಲ್ಲಿದ್ದೇವೆ...’ ಸುತ್ತಲೂ ಇದೇ. ಮೊದಲ ಮಹಾಯುದ್ಧದ ಸೈನಿಕರು ಹಾಡುತ್ತಿದ್ದ ಸಾಲು ಇದು. ಯಾಕೆ ಹಿಡಿದಿಟ್ಟಿರಿ ಎಂದು ಕೇಳಿದರೆ ಸಿಗುವ ಉತ್ತರವೂ ಅಷ್ಟೇ ತಾನೇ!

ಮೊಬೈಲ್ ಆ್ಯಪ್‌ನಲ್ಲಿ ಚಿತ್ರವನ್ನು ‘ಶಾರ್ಪ್’ ಮಾಡುವ ಅಡ್ಡದಾರಿ ಹಿಡಿಯಬೇಡಿ. ಸಣ್ಣ ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೂಲ ನೋಟೇ ಎದುರಿಗಿದ್ದರೆ ಗಾಜಿನ ಭೂತಗನ್ನಡಿಯೇ ಬೇಕು. ಲೈಟ್ ಇರುವ ಅಗ್ಗದ ಪ್ಲಾಸ್ಟಿಕ್‌ನವು ಸುಮ್ನೆ ದುಡ್ಡು ದಂಡ.

ಹಂತ 3: ನೋಟಿನ ಚಿತ್ರದಲ್ಲಿರುವ ಕುರಿಗಳ ಉಣ್ಣೆ ನೋಡಿ. ಅಲ್ಲಿಯೂ ಶಿಬಿರದವರ ಹೆಸರುಗಳು ಅಡಗಿವೆ.

ಹಂತ 4: ಕೊಳ್ಳುವ ಆಸೆಯಿದ್ದರೆ ತಡೆಯಿರಿ. ಈ ನೋಟುಗಳನ್ನು ಆಗಲೇ ವಾಪಸ್ ಪಡೆದರು, ಉಳಿದದ್ದು ಕಡಿಮೆ. ನೂರಿನ್ನೂರು ರೂಪಾಯಿಗೆ ಸಿಕ್ಕರೆ ಅದು ನಕಲು. ಕೊಳೆಯಾಗಿದ್ದರೆ ಅಸಲಿ ಎಂದೂ ನಂಬಬೇಡಿ, ಟೀ ನೀರಿನಲ್ಲಿ ಅದ್ದಿ ಹಳೆಯದಾಗಿಸುವವರು ಜಾಸ್ತಿ.

ಹಂತ 5: ಯಾವ ಹಳೆಯ ನೋಟಾದರೂ ಪಾಲಿಯೆಸ್ಟರ್ ಕವರ್‌ನಲ್ಲಿಡಿ. ಪಿವಿಸಿ ಕವರ್ ಕೆಲವು ವರ್ಷಕ್ಕೆ ಜಿಗುಟಾಗುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಒಮ್ಮೆ ಮಾಡಿಸಿದರೆ ಕಾಗದ ಹಾಳಾಗದಂತೆ ಬಿಡಿಸಲು ಬರುವುದಿಲ್ಲ.